ಹಳೆಯ ಫೋನುಗಳ ಕಾರ್ಸೊನೊ

ಜಾವಾದ ಸೆಮರಾಂಗ್ ಊರಿನ ಹಳೆ ಪೇಟೆಯಲ್ಲಿ, ನೂಡಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮದು ಹನ್ನೊಂದು ಜನರ ಕಚೇರಿ. ಹೋಟೆಲು, ಆಸ್ಪತ್ರೆ, ಗೋದಾಮುಗಳಿಗೆ ಇಂಟರ್ನೆಟ್ ಮೂಲಕ ಫೋನ್ ಸೌಕರ್ಯ ಒದಗಿಸುವುದು ಕೆಲಸ. ಕರೆಗಳನ್ನು ಅತ್ತಿತ್ತ ದಾಟಿಸುವ ಯಂತ್ರಗಳೆಲ್ಲ ಜಕಾರ್ತದಲ್ಲಿವೆ; ಗಿರಾಕಿಯ ಮೇಜಿನ ಮೇಲೆ ಇರುವುದು ಫೋನ್ ಮಾತ್ರ. ಹೊಸ ಫೋನ್ ಕೊಂಡವರದು ಗಲಾಟೆಯಿಲ್ಲ. ಆದರೆ ಹದಿನೈದು ವರ್ಷ ಹಳೆಯ, ಹಳದಿಗೆ ತಿರುಗಿದ ಫೋನನ್ನು ಮುಂದಿಟ್ಟುಕೊಂಡು "ಇದೇ ನಡೀಬೇಕು" ಎಂದು ಪಟ್ಟು ಹಿಡಿಯುವ ಗಿರಾಕಿಗಳೇ ನಮಗೆ ಹೆಚ್ಚು. ಅಂಥವರ ಕರೆ ಬಂದರೆ ನಾವೆಲ್ಲ ಕಿಟಕಿ ಪಕ್ಕದ ಮೇಜಿನತ್ತ ಕೈ ತೋರಿಸುತ್ತಿದ್ದೆವು. ಅದು ಕಾರ್ಸೊನೊ ಅವರ ಮೇಜು. ನನ್ನದು ಅದರ ಪಕ್ಕದ್ದು.

ಅವರು ನಮ್ಮಲ್ಲಿಗೆ ಬಂದಾಗ ಐವತ್ತೊಂದು ವರ್ಷ. ಅದಕ್ಕೂ ಮುಂಚೆ ಬಸ್ ನಿಲ್ದಾಣದ ಎದುರು ಫೋನ್ ರಿಪೇರಿ ಅಂಗಡಿ ಇಟ್ಟಿದ್ದವರು. ಮದುವೆಯಾಗಿರಲಿಲ್ಲ, ಹತ್ತಿರದ ಊರು ಉಂಗಾರಾನಿನಲ್ಲಿ ತಂಗಿಯ ಮನೆಯ ಹಿಂಭಾಗದ ಕೋಣೆಯಲ್ಲಿ ಇರುತ್ತಿದ್ದರು. ಮಾತು ಕಡಿಮೆ. ಸತ್ತುಹೋದ ಫೋನುಗಳ ರಬ್ಬರ್ ಗುಂಡಿ, ಸುರುಳಿ ತಂತಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿಟ್ಟಿದ್ದರು. ತಯಾರಿಸಿದ ಕಂಪನಿಯೇ ಮರೆತುಬಿಟ್ಟ ಫೋನುಗಳು ಅವರ ಕೈಗೆ ಬಂದರೆ ಮತ್ತೆ ಉಸಿರಾಡುತ್ತಿದ್ದವು. ಜಾವಾದಲ್ಲಿ ಅಣ್ಣನೆಂಬ ಸಲುಗೆಯಿಂದ ಕರೆಯುವಂತೆ ನಾವೆಲ್ಲ ಅವರನ್ನು ಮಾಸ್ ಎನ್ನುತ್ತಿದ್ದೆವು.

ದಿನಾ ಬೆಳಿಗ್ಗೆ ಏಳೂವರೆಗೆ ಅವರಿಗೊಂದು ಕರೆ ಬರುತ್ತಿತ್ತು. ಗುಡ್ಡದ ಮೇಲಿನ ಹೆರಿಗೆ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಮುರ್ನಿಯದು. ಆರನೇ ವಯಸ್ಸಿನಲ್ಲಿ ದಡಾರ ಬಂದು ಆಕೆಯ ಕಣ್ಣು ಹೋಗಿತ್ತು. ಅದೇ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷ ಕೂತವಳು. ಆಸ್ಪತ್ರೆಗೆ ಬರುವ ಕರೆಗಳೆಲ್ಲ ಮೊದಲು ಅವಳ ಕಿವಿಗೆ ಬಿದ್ದು, ಆಮೇಲೆ ಡಾಕ್ಟರಿಗೋ ವಾರ್ಡಿಗೋ ಹೋಗುತ್ತಿದ್ದವು. ಕನ್ನಡಿಯಂಥ ಹೊಸ ಫೋನನ್ನು ಒಮ್ಮೆ ತಂದಿಟ್ಟಿದ್ದರು. ಗುಂಡಿ ಎಲ್ಲಿದೆಯೆಂದು ಬೆರಳಿಗೆ ಸಿಗದೆ, ಹೆರಿಗೆ ವಾರ್ಡಿಗೆ ಕಳಿಸಬೇಕಾದ ಕರೆ ಅಡುಗೆಮನೆಗೆ ಹೋಯಿತು. ಆಗ ಮಾಸ್ ಅವಳ ಹಳೆಯ ಫೋನನ್ನೇ ನಮ್ಮ ಜಾಲಕ್ಕೆ ಜೋಡಿಸಿಕೊಟ್ಟರು. ಮುಖ್ಯ ಗುಂಡಿಗಳ ಮೇಲೆ ಉಗುರುಬಣ್ಣದ ದಪ್ಪ ಹನಿಗಳನ್ನು ಒಣಗಿಸಿದರು. ಹೊರಗಿನ ಕರೆಗೆ ಒಂದು ಸದ್ದು, ವಾರ್ಡಿನದಕ್ಕೆ ಇನ್ನೊಂದು, ಶಸ್ತ್ರಚಿಕಿತ್ಸೆ ಕೋಣೆಯದಕ್ಕೆ ಮತ್ತೊಂದು ಎಂದು ಬೇರೆಬೇರೆ ರಿಂಗ್ ಹಚ್ಚಿಕೊಟ್ಟರು.

"ಮಾಸ್, ನನ್ ದನಿ ಹೇಗ್ ಕೇಳ್ತಿದೆ?" ಎನ್ನುವಳು ದಿನಾ.

"ಸ್ವಲ್ಪ ಒಡೆದಂಗಿದೆ."

"ಫೋನಾ, ನಾನಾ?"

"ಫೋನಾದ್ರೆ ರಿಪೇರಿ ಮಾಡ್ತೀನಿ. ನಿಮ್ದು ನಿನ್ನೆ ತಿಂದ ಮೆಣಸಿನಕಾಯಿ ಚಟ್ನಿದು, ನಾನೇನು ಮಾಡ್ಲಿ?"

ಅವಳು ನಕ್ಕದ್ದು ನನ್ನ ಮೇಜಿಗೂ ಕೇಳುತ್ತಿತ್ತು. ಆ ನಾಲ್ಕು ನಿಮಿಷದಲ್ಲಿ ಮಾಸ್ ಆಡುತ್ತಿದ್ದಷ್ಟು ಮಾತನ್ನು ದಿನದ ಉಳಿದ ಹೊತ್ತಿನಲ್ಲಿ ಆಡುತ್ತಿರಲಿಲ್ಲ. "ಹೋಗಿ ಕೇಳ್ಬಿಡಿ ಮಾಸ್, ಇನ್ನೆಷ್ಟು ದಿನ ಟೆಸ್ಟಿಂಗು?" ಎಂದು ನಾನೇ ರೇಗಿಸಿದ್ದೇನೆ. ಅವರು ಕಿವಿ ಕೆಂಪು ಮಾಡಿಕೊಂಡು ಡಬ್ಬದಲ್ಲಿ ಏನನ್ನೋ ಹುಡುಕತೊಡಗುತ್ತಿದ್ದರು. ಐದು ವರ್ಷದಲ್ಲಿ ಅವರಿಬ್ಬರೂ ಎದುರುಬದುರು ಕೂತದ್ದು ಏಳೆಂಟು ಸಲ ಇದ್ದೀತು, ಅದೂ ಫೋನ್ ಬಿಚ್ಚಬೇಕಾಗಿ ಬಂದಾಗ.

ಆರನೇ ವರ್ಷ ಜಕಾರ್ತದಿಂದ ಸೂಚನೆ ಬಂತು. ಜಾಲಕ್ಕೆ ಹೊಸ ಭದ್ರತೆ ಹಾಕುತ್ತಾರಂತೆ. ಅದನ್ನು ಅರಿಯದ ಹಳೆಯ ಫೋನುಗಳೆಲ್ಲ ಇಂಥ ದಿನದಿಂದ ಬಂದ್. ನಮ್ಮ ಪಟ್ಟಿಯಲ್ಲಿ ಇನ್ನೂರ ಹನ್ನೆರಡು ಫೋನುಗಳಿದ್ದವು, ಅವುಗಳಲ್ಲಿ ಮುರ್ನಿಯದೂ ಒಂದು. ಮಾಸ್ ಮೂರು ವಾರ ಆ ಒಂದು ಫೋನಿಗಾಗಿ ಒದ್ದಾಡಿದರು. ಕೊನೆಗೆ, ಹಳೆಯ ಫೋನಿನ ಮಾತನ್ನು ಹೊಸ ಜಾಲಕ್ಕೆ ತಿಳಿಯುವಂತೆ ಬದಲಿಸಿ ದಾಟಿಸುವ ಒಂದು ಸಣ್ಣ ಪೆಟ್ಟಿಗೆಯನ್ನು ತಾವೇ ಕಟ್ಟಿ, ಮುರ್ನಿಯ ಮೇಜಿನ ಕೆಳಗೆ ಕೂರಿಸಿ ಬಂದರು. ಬಂದ್ ಆಗುವ ದಿನ ಉಳಿದ ಫೋನುಗಳು ಸತ್ತವು. ಮುರ್ನಿಯ ಫೋನಿನಿಂದ ಎಂದಿನಂತೆ ಏಳೂವರೆಗೆ ನಮಗೆ ಕರೆ ಬಂತು. ಮಾಸ್ ಅವತ್ತು ಎಲ್ಲರಿಗೂ ಕರಿದ ಬಾಳೆಹಣ್ಣು ತರಿಸಿದರು.

ಅದಾಗಿ ಎರಡು ತಿಂಗಳಿಗೆ ಆಸ್ಪತ್ರೆಗೆ ಹೊಸ ಆಡಳಿತಾಧಿಕಾರಿ ಬಂದರು, ಹೆಸ್ತಿ ಅಂತ. ಅವರಿಂದ ನಮಗೊಂದು ಕೆಲಸದ ಚೀಟಿ ಬಂತು. ಕರೆ ಮಾಡಿದವರಿಗೆ ಮೊದಲೇ ರೆಕಾರ್ಡ್ ಮಾಡಿಟ್ಟ ದನಿಯೊಂದು 'ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ' ಎಂದು ಹೇಳಿ, ಕರೆ ತಾನಾಗಿಯೇ ಹೋಗುವಂತೆ ಮಾಡಬೇಕು; ಮುಂದಿನ ತಿಂಗಳ ಒಂದನೇ ತಾರೀಖಿನಿಂದ, ಹಗಲೂ ರಾತ್ರಿ. ದನಿ ಮುರ್ನಿಯದೇ ಆಗಲಿ, ಜನರಿಗೆ ರೂಢಿಯಾಗಿದೆ, ಎಂದೂ ಬರೆದಿತ್ತು.

ಮಾಸ್ ಆ ಚೀಟಿಯನ್ನು ಎರಡು ಸಲ ಓದಿ ಹೆಸ್ತಿಯವರಿಗೆ ಫೋನ್ ಮಾಡಿದರು. ಸಲುಗೆಯಿಲ್ಲದವರನ್ನು ನಮ್ಮಲ್ಲಿ ಮರ್ಯಾದೆಗೆ ಹೆಂಗಸಾದರೆ ಬು, ಗಂಡಸಾದರೆ ಪಾಕ್ ಎನ್ನುತ್ತಾರೆ.

"ಮುರ್ನಿ ಏನು ಮಾಡ್ತಾರೆ ಆಮೇಲೆ, ಬು?"

"ಅದನ್ನ ನಾನು ಅವರ ಹತ್ರ ಮಾತಾಡ್ತೀನಿ. ನೀವು ಬಾಯಿ ಬಿಡಬೇಡಿ, ಪಾಕ್. ಇದು ನಮ್ಮ ಮನೆ ವಿಷಯ. ನಿಮಗಾಗದಿದ್ರೆ ಬೇರೆ ಕಂಪನಿ ಇದೆ."

ಆ ಶುಕ್ರವಾರ ರೆಕಾರ್ಡಿಂಗಿಗೆ ನಾನೂ ಜೊತೆಗೆ ಹೋಗಿದ್ದೆ. ಮುರ್ನಿ ಹಸಿರು ತಲೆವಸ್ತ್ರ ಹೊದ್ದು, ಗಂಟಲಿಗೆಂದು ಬಿಸಿ ಶುಂಠಿ ನೀರು ಇಟ್ಟುಕೊಂಡು ಸಿದ್ಧಳಾಗಿದ್ದಳು. ಹುರುಪೋ ಹುರುಪು.

"ಇದು ರಾತ್ರಿ ಹೊತ್ತಿಗೆ ತಾನೇ ಮಾಸ್? ನಾನು ಮನೆಗೆ ಹೋದ್ಮೇಲೆ?"

ಮಾಸ್ ತಂತಿ ಬಿಡಿಸುತ್ತಿದ್ದರು. ತಲೆಯೆತ್ತದೆ "ಹ್ಞೂಂ" ಎಂದರು.

ಏಳು ಸಲ ಓದಿದಳು. ನಮಗೆ ಎರಡನೆಯದೇ ಸಾಕಾಗಿತ್ತು, ಅವಳಿಗೆ ಒಪ್ಪಿಗೆಯಾಗಲಿಲ್ಲ. "ನೋವು ಬಂದು ಮುಲುಗ್ತಾ ಫೋನ್ ಮಾಡಿರ್ತಾರೆ. 'ಹೆರಿಗೆ ವಾರ್ಡಿಗೆ ಒಂದು ಒತ್ತಿ' ಅನ್ನೋದು ನಿಧಾನ ಇರ್ಬೇಕು. ಗಾಬರಿ ಬೀಳ್ಬಾರ್ದು ಅವ್ರು," ಎಂದು ಮತ್ತೆ ಮತ್ತೆ ಓದಿದಳು. ಮೆಟ್ಟಿಲಿಳಿಯುವಾಗ ನಾನು, "ಹೇಳ್ಬೇಕಿತ್ತು ಮಾಸ್," ಎಂದೆ. "ಇನ್ನೂ ಹನ್ನೆರಡು ದಿನ ಇದೆ. ಹೆಸ್ತಿಯವ್ರೇ ಹೇಳ್ತಾರೆ," ಎಂದರು. ಆ ಹನ್ನೆರಡು ದಿನವೂ ಏಳೂವರೆಯ ಕರೆ ಬಂತು. ಇವರು ಹೇಳಲಿಲ್ಲ. ನಾನೂ ಅವರ ಕೈಯಿಂದ ರಿಸೀವರ್ ಕಿತ್ತುಕೊಂಡು ಹೇಳಬಹುದಿತ್ತು, ಹೇಳಲಿಲ್ಲ.

ಒಂದನೇ ತಾರೀಖು ಹತ್ತು ಗಂಟೆಯ ಹೊತ್ತಿಗೆ ನಮ್ಮ ಸಹಾಯವಾಣಿಗೆ ಕರೆ ಬಂತು. ಮಾಸ್ ಸ್ಪೀಕರಿನಲ್ಲಿಟ್ಟೇ ಎತ್ತಿದರು.

"ಮಾಸ್, ನನ್ ಫೋನ್ ಕೆಟ್ಟಿದೆ. ನಾನ್ ಮಾಡಿದ್ರೆ ಹೋಗುತ್ತೆ, ಆದ್ರೆ ಬೆಳಿಗ್ಗೆಯಿಂದ ಒಂದು ಕರೆನೂ ಬಂದಿಲ್ಲ. ಮೇಜಿನ ಕೆಳಗಿನ ಪೆಟ್ಟಿಗೆ ಬಿಸಿಯಾಗೇ ಇದೆ, ಮುಟ್ಟಿ ನೋಡ್ದೆ. ತಂತಿ ತೆಗೆದು ಹಾಕ್ದೆ. ಪಾಪ, ಎಷ್ಟು ಜನ ಫೋನ್ ಮಾಡ್ತಿದಾರೋ ಏನೋ! ಬೇಗ ನೋಡಿ ಮಾಸ್."

ಯಾರೂ ಅವಳಿಗೆ ಹೇಳಿರಲಿಲ್ಲ. ಮಾಸ್ ಸ್ಪೀಕರ್ ಆರಿಸಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಫೋನ್ ಕೆಟ್ಟಿಲ್ಲ, ಮುರ್ನಿ," ಎಂದರು. ಆಮೇಲೆ ಎಲ್ಲವನ್ನೂ ಹೇಳಿದರು. ಆಚೆಯಿಂದ ಏನು ಬಂತೋ ನನಗೆ ಕೇಳಲಿಲ್ಲ. "ಹೌದು, ಗೊತ್ತಿತ್ತು," ಎಂದರು. ಮತ್ತೆ, "ಅವತ್ತೇ ಗೊತ್ತಿತ್ತು," ಎಂದರು. ಕರೆ ಮುಗಿದ ಮೇಲೂ ರಿಸೀವರ್ ಇಡಲಿಲ್ಲ. ಊಟದ ಹೊತ್ತಿಗೆ ನಾನೇ ಅವರ ಬೆರಳು ಬಿಡಿಸಿ ಇಟ್ಟೆ.

ಆಸ್ಪತ್ರೆಯವರು ಅವಳಿಗೆ ಬೇರೆ ಕೆಲಸ ಕೊಡುತ್ತೇವೆಂದರು, ಕೊಡಲಿಲ್ಲ. ತಿಂಗಳ ಕೊನೆಗೆ ಅವಳು ಸಲಾತಿಗಾದಲ್ಲಿದ್ದ ಅಕ್ಕನ ಮನೆಗೆ ಹೋದಳು, ಅಲ್ಲಿ ಮಸಾಜ್ ಮಾಡುವ ಕೆಲಸ ಹಿಡಿದಳೆಂದು ಕೇಳಿದೆವು. ಮಾಸ್ ಮಾಡಿದ ಕರೆಗಳನ್ನು ಅವಳು ಎತ್ತಲಿಲ್ಲ. ಅವರು ಹಳೆಯ ಫೋನುಗಳ ಕೆಲಸ ಬಿಟ್ಟು ಬಿಲ್ಲಿಂಗ್ ವಿಭಾಗಕ್ಕೆ ಕೇಳಿಕೊಂಡು ಹೋದರು. ಬಿಸ್ಕತ್ತಿನ ಡಬ್ಬಗಳನ್ನು ಗುಜರಿಯವನು ಒಯ್ದ.

ರಂಜಾನ್ ಉಪವಾಸ ಮುಗಿದು ಹಬ್ಬ ಬಂತು. ಅವತ್ತು ನಮ್ಮಲ್ಲಿ ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ್ದನ್ನು ಮನ್ನಿಸಿ ಎಂದು ಕೇಳುತ್ತಾರೆ. ಕೇಳಿದವರಿಗೆ ಇಲ್ಲವೆನ್ನುವ ಹಾಗಿಲ್ಲ. ಮಾಸ್ ಹೊಸ ಬಾಟಿಕ್ ಅಂಗಿ ಹಾಕಿಕೊಂಡು ಸಲಾತಿಗಾಕ್ಕೆ ಹೋದರು. ಅಲ್ಲಿ ಆದದ್ದನ್ನು ಅವರು ನನಗೆ ಒಂದೇ ಒಂದು ಸಲ ಹೇಳಿದ್ದಾರೆ.

ಮನೆ ತುಂಬ ನೆಂಟರು. ಮುರ್ನಿ ಚಾಪೆಯ ಮೇಲೆ ಕೂತಿದ್ದಳು. ಇವರು ಮುಂದೆ ಮಂಡಿಯೂರಿ ಹೆಸರು ಹೇಳಿ, "ನನ್ನ ತಪ್ಪು ಮನ್ನಿಸಿ," ಎಂದರು. ಅವಳು ಕೈ ಚಾಚಿ ಇವರ ಬೆರಳ ತುದಿಗಳನ್ನು ಮುಟ್ಟಿ, "ನನ್ನಿಂದಾನೂ ತಪ್ಪಾಗಿದ್ರೆ ಮನ್ನಿಸಿ, ಪಾಕ್. ತಿಂಡಿ ತಗೊಳ್ಳಿ," ಎಂದಳು. ಇವರಿಗಿಂತ ಮುಂಚೆ ಬಂದ ಹಾಲಿನವನಿಗೂ ಅಷ್ಟೇ ಹೇಳಿದ್ದಳು, ಹಿಂದೆ ನಿಂತಿದ್ದ ನೆರೆಯವಳಿಗೂ ಅದನ್ನೇ ಹೇಳಿದಳು.

"ಬೈದಿದ್ರೆ ಕೂತಿರ್ತಿದ್ದೆ, ಪಿಪಿತ್," ಎಂದರು ಮಾಸ್ ನನಗೆ. "ಬೈಲೇ ಇಲ್ಲ."

ಮರುವರ್ಷದ ಹಬ್ಬಕ್ಕೂ ಹೋದರು. ಮನೆಗೆ ಬೀಗ. ಅಕ್ಕ-ತಂಗಿ ಕಡಲಾಚೆಯ ಕಲಿಮಂತಾನಿಗೆ ಹೋಗಿ ಎಂಟು ತಿಂಗಳಾಯಿತು, ವಿಳಾಸ ಗೊತ್ತಿಲ್ಲ ಎಂದರು ಪಕ್ಕದ ಮನೆಯವರು. ಹಬ್ಬದ ದಿನ ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಒಳಗೆ ಕರೆದು ಅಕ್ಕಿಯ ಕಡುಬು, ಕೋಳಿ ಸಾರು ಬಡಿಸಿದರು. ಪರಿಚಯವಿಲ್ಲದ ಆ ಮನೆಯಲ್ಲಿ ಮಾಸ್ ತಟ್ಟೆ ಖಾಲಿಯಾಗುವವರೆಗೆ ಕೂತು, ಎಲ್ಲರ ಕೈ ಮುಟ್ಟಿ ಮನ್ನಿಸಿ ಎಂದು ಕೇಳಿ, ಸಂಜೆಯ ಬಸ್ಸಿಗೆ ಉಂಗಾರಾನಿಗೆ ಮರಳಿದರು.