ತತ್ತಿ ಮೀನು ಬಿಡುತ್ತಿದ್ದ ಕಾಕಾ

ಕಾಕಾನ ಬಲಗೈ ತೋರುಬೆರಳನ್ನು ಬಲೆಯ ದಾರ ಕೊರೆದು ಕೊರೆದು ಸಣ್ಣ ಕಾಲುವೆಯನ್ನೇ ಮಾಡಿಬಿಟ್ಟಿತ್ತು. ಬೀಡಿಯನ್ನು ಆ ಗೀರಿನಲ್ಲೇ ಸಿಕ್ಕಿಸಿಕೊಂಡು ಮಾತಾಡುತ್ತಿದ್ದ. ಮೈತುಂಬ ಮೀನಿನ ವಾಸನೆ. ಸುರಪುರದ ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಂಡರೆ, "ತಿನ್ನಾಗ ಮುಚ್ಕೊಳ್ಳಂಗಿಲ್ಲಲ್ಲ!" ಎಂದು ಗದರುತ್ತಿದ್ದ ಆಸಾಮಿ. ಪಕ್ಕದ ಮನೆಯವ, ರಕ್ತಸಂಬಂಧವೇನಿರಲಿಲ್ಲ.

ಮೊದಲ ಮಳೆಗೆ ಕೃಷ್ಣೆ ಕೆಂಪಾದಾಗ ಬಲೆಗೆ ಬಿದ್ದ ತತ್ತಿ ತುಂಬಿದ ಮೀನುಗಳನ್ನು ಅವನು ಹೊಳೆಗೇ ಬಿಡುತ್ತಿದ್ದ. ಊರವರು ಅದನ್ನು ದೊಡ್ಡ ಪುಣ್ಯವೆಂದು ಹೇಳಿಕೊಂಡು ತಿರುಗುತ್ತಿದ್ದರು. ಆ ಪುಣ್ಯವೇ ನನ್ನ ತಂಗಿಯ ಕೊರಳಿಗೆ ಉರುಳಾಯಿತು.

ತಂಗಿಗೆ ಮೂರು ತಿಂಗಳಾಗಿತ್ತು. ಹೃದಯದ ಕವಾಟ ಹಾಳಾಗಿದೆ, ಬಸಿರು ಮುಂದುವರಿದರೆ ತಾಯಿ ಉಳಿಯುವುದು ಕಷ್ಟ, ತೆಗೆಸಿಬಿಡಿ, ತಡ ಮಾಡಬೇಡಿ ಎಂದು ಯಾದಗಿರಿಯ ಡಾಕ್ಟರು ಹೇಳಿದ್ದರು. ಅವ್ವ ಒಪ್ಪಲಿಲ್ಲ. "ಮೀನಾ ಕೊಲ್ಲೋ ಮನಷ್ಯಾನೇ ತತ್ತಿ ಮೀನಾ ಬಿಡ್ತಾನ. ನಾವು ಹೊಟ್ಟ್ಯಾಗಿನ ಕೂಸು ಕೊಲ್ಲೂನೇನು?" ಎಂದಳು. ಅದಿನ್ನೂ ಕೂಸೇ ಅಲ್ಲ ಎಂದು ನಾನು. ತಂಗಿಯ ಗಂಡ, ನೀವು ಹೇಳಿದ ಹಾಗೆ ಎಂದು ಕೈಕಟ್ಟಿ ಕೂತ. ಹತ್ತು ದಿನ ಇದೇ ಜಗಳ. ತಂಗಿ ಗೋಡೆಗೊರಗಿ ಏದುಸಿರು ಬಿಡುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ತಲೆಕೆಟ್ಟು ಕಾಕಾನನ್ನು ಕರೆತಂದೆ.

"ಕಾಕಾ, ಅದು ಜೀವ ಅಲ್ಲಂತ ಅವ್ವಗ ನೀನರ ಹೇಳು."

"ಯಾಕ ಸುಳ್ಳ ಹೇಳ್ಲಿ? ಜೀವಾನ ಅದ" ಎಂದುಬಿಟ್ಟ ಪುಣ್ಯಾತ್ಮ! ನನಗೆ ಮೈಯೆಲ್ಲ ಉರಿದುಹೋಯಿತು. ಅವ್ವ ಗೆದ್ದವಳಂತೆ ನೋಡಿದಳು.

ಕಾಕಾ ಅವಳತ್ತ ತಿರುಗಿದ. "ವೈನಿ, ಮುಂದಿನ ವರ್ಷ ಹೊಳ್ಯಾಗ ಮೀನಾ ಇರ್ಲಿ ಅಂತ ಬಿಡ್ತೀನಿ, ನನ್ನ ಹೊಟ್ಟಿಗಿ. ಪುಣ್ಯಾ ಗಿಣ್ಯಾ ಏನಿಲ್ಲ. ಮೀನಿಗಿ ನಾಳಿ ಅಂಬೋದು ಗೊತ್ತಿಲ್ಲ. ಆ ಕೂಸಿಗೂ ಇನ್ನಾ ಗೊತ್ತಿಲ್ಲ. ಇಕಿಗಿ ಗೊತ್ತದ. ಸಾಯ್ತೀನಂತ ಅಂಜಿ ಕುಂತಾಳ. ಇಕಿನ್ನ ಒಬ್ಬರರ ಕೇಳೀರೇನು?"

ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವನೇ ತಂಗಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. "ನಿನಗೇನ್ ಬೇಕು ಯವ್ವಾ?"

"ಬದಕಬೇಕು ಕಾಕಾ" ಎಂದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವ್ವ ಎದ್ದು ಅವಳ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಮರುದಿನ ಮೊದಲ ಬಸ್ಸಿಗೆ ಯಾದಗಿರಿಗೆ ಹೋದೆವು. ಒಂದು ಪ್ರಶ್ನೆ ಕೇಳಲಾಗದೆ ಕಳೆದ ಆ ಹತ್ತು ದಿನಗಳನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹೋದ ವರ್ಷ ಕಾಕಾ ತೀರಿಕೊಂಡ. ಹೆಣದ ಮುಂದೆ ಕೂತವರು ಮತ್ತದೇ ತತ್ತಿ ಮೀನಿನ ಪುಣ್ಯ ಶುರುಮಾಡಿದರು. ಅವ್ವನೂ ತಲೆಯಾಡಿಸಿದಳು. ಅದಲ್ಲರೋ ಎಂದು ಕಿರುಚಬೇಕೆನಿಸಿತು ನನಗೆ. "ಸುಮ್ನಿರಕ್ಕಾ" ಎಂದು ತಂಗಿ ಕೈ ಹಿಡಿದುಕೊಂಡಳು. ಕಾಕಾ ಉಳಿಸಿದ ಜೀವ ನನ್ನ ಪಕ್ಕದಲ್ಲೇ ಕೂತಿತ್ತು. ಒಬ್ಬರೂ ಅತ್ತ ನೋಡಲಿಲ್ಲ.