ಬೆಲ್ಲದ ಜೊತೆ ಕೊಟ್ಟ ನೀರು

ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡ ಪಾಲಿಕೆ ಸದಸ್ಯರು ನೀರಿನ ಲೋಟವನ್ನು ತುಟಿಯವರೆಗೆ ತಂದು ತಡೆದರು. "ಅಮ್ಮಾಜೀ, ಯೇ ಆರ್.ಓ. ಕಾ ಪಾನೀ ಹೈ ನಾ?" ಎಂದು ಕೇಳಿದರು.

ಧಾರವಾಡದಿಂದ ಹಿಂದಿನ ದಿನವಷ್ಟೇ ಬಂದಿದ್ದ ನಮ್ಮತ್ತೆಗೆ, ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡದೆ ಮಾತಾಡಿಸಿ ಗೊತ್ತಿಲ್ಲ. ಇದು ಆರ್.ಓ. ಯಂತ್ರದಲ್ಲಿ ಶುದ್ಧ ಮಾಡಿದ ನೀರು ತಾನೇ ಎಂದು ಕೇಳುತ್ತಿದ್ದಾರೆ ಎಂದು ನಾನು ಕನ್ನಡದಲ್ಲಿ ತಿಳಿಸಿದಾಗ, "ಇಲ್ರೀ, ನಳದ ನೀರು. ಈಗ ಹಿಡದು ತಂದೀನಿ" ಎಂದರು.

ದಿಲ್ಲಿಯ ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಕ್ಕಳಿಗೆ ಕಾಮಾಲೆ ಹರಡಿತ್ತು. ಕೆಳಗಿನ ಮನೆಯ ಪುಟ್ಟ ತನ್ವಿ ಆಸ್ಪತ್ರೆಯಲ್ಲಿದ್ದಳು. ಅದಕ್ಕೇ ಈ ತಪಾಸಣೆ. ಕಟ್ಟಡ ನೋಡಿಕೊಳ್ಳುವ ಎಂಜಿನಿಯರು ನಮ್ಮ ಸೋಫಾದಲ್ಲಿ ಕುಳಿತು, ಟ್ಯಾಂಕು ತೊಳೆಸಿದ್ದೇವೆ, ನೀರಿಗೇನೂ ತೊಂದರೆಯಿಲ್ಲ ಎಂದು ಆಗಷ್ಟೇ ಹೇಳಿ ಮುಗಿಸಿದ್ದರು. ಸದಸ್ಯರು ಆ ಲೋಟವನ್ನು ಅವರತ್ತ ಚಾಚಿದರು. ಎಂಜಿನಿಯರು ಕೈ ನೀಡಲಿಲ್ಲ. ಕಿಟಕಿಯ ಕಡೆ ನೋಡುತ್ತ ಕುಳಿತರು.

ಲೋಟವನ್ನು ಟೀಪಾಯಿಯ ಮೇಲಿಟ್ಟು ಸದಸ್ಯರು ಎದ್ದರು. ಎಲ್ಲರೂ ಅವರ ಹಿಂದೆ ತಾರಸಿ ಹತ್ತಿದೆವು. ಟ್ಯಾಂಕಿನ ಮುಚ್ಚಳ ಒಡೆದಿತ್ತು. ನೀರಿನ ಮೇಲೆ ಪಾರಿವಾಳದ ಪುಕ್ಕಗಳು ತೇಲುತ್ತಿದ್ದವು. ಸಂಜೆಯೊಳಗೆ ಅದನ್ನು ಖಾಲಿ ಮಾಡಿಸಿದರು.

"ಬೆಲ್ಲಾ ತಿಂದು ನೀರು ಕುಡೀದ ಹೋದ್ರಲ್ಲ" ಎಂದು ಅತ್ತೆ ಇಂದಿಗೂ ನೊಂದುಕೊಳ್ಳುತ್ತಾರೆ. ನನ್ನನ್ನು ಕಾಡುವುದು ಬೇರೆ. ತಪಾಸಣೆಗೆ ಬಂದ ದೊಡ್ಡವರು ಒಂದು ಗುಟುಕೂ ಕುಡಿಯಲಾರದ ಆ ನೀರನ್ನು ತನ್ವಿ ದಿನಾ ಬೆಳಿಗ್ಗೆ ಶಾಲೆಯ ಬಾಟಲಿಗೆ ತುಂಬಿಕೊಂಡು ಹೋಗುತ್ತಿದ್ದಳು.