ಹದಿನಾಲ್ಕನೇ ತಾರೀಖಿನ ಕುರ್ಚಿಗಳು

ವೋಲ್ಟರ್ ಟೆನ್ಕಿಂಕನಿಗೆ ಮೂತ್ರಕೋಶದ ತೊಂದರೆ ಶುರುವಾಗಿದೆ ಎಂದು ನಮ್ಮ ಊರು ತೀರ್ಮಾನಿಸಿದ್ದು ಸೆಪ್ಟೆಂಬರ್ ತಿಂಗಳಲ್ಲಿ. ಲೂನ್‌ಬರ್ಗ್‌ನಂಥ ಊರಿನಲ್ಲಿ ಇಂಥ ತೀರ್ಮಾನಕ್ಕೆ ವೈದ್ಯರು ಬೇಕಿಲ್ಲ. ಫೆನ್ನಳ ಬೇಕರಿಯೊಳಗೆ ನಾಲ್ಕು ಜನ ಸಾಲು ನಿಂತರೆ ಸಾಕು.

"ಸೋಮವಾರ ನಮ್ಮನೆಗೆ ಬಂದಿದ್ದ," ಅಂದಳು ಫೆನ್ನ, ಬ್ರೆಡ್ಡು ಕೊಯ್ಯುತ್ತಾ. "ಕಾಫಿ ಇನ್ನೂ ಬಗ್ಗಿಸಿಲ್ಲ, ಆಗ್ಲೇ 'ಒಂಚೂರು ಒಳಗೆ ಹೋಗಿ ಬರ್ಲಾ' ಅಂದ. ಹೋದೋನು ಐದು ನಿಮಿಷ ಪತ್ತೇನೇ ಇಲ್ಲ."

"ನಮ್ಮನೇಲೂ ಅಷ್ಟೇ," ಅಂದೆ ನಾನು. "ನೀರು ಬಿಟ್ಟ ಸದ್ದೂ ಕೇಳಿಸ್ಲಿಲ್ಲ."

"ಎಪ್ಪತ್ತಾಗ್ತಾ ಬಂತಲ್ಲಪ್ಪ. ಕೊಳಾಯಿ ಹಳೇದಾದ್ರೆ ಹಂಗೇ."

ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ನಗು ಎಲ್ಲರದಕ್ಕಿಂತ ಸ್ವಲ್ಪ ಜೋರಾಗಿಯೇ ಇತ್ತು. ಎಪ್ಪತ್ತಾಗುತ್ತಾ ಬಂತು ಎಂದು ಬಾಯಲ್ಲಿ ಹೇಳಿಯೂ ಅದು ಯಾವತ್ತು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ತಿಳಿದದ್ದನ್ನು ಈಗಲೇ ಹೇಳಿಬಿಡುತ್ತೇನೆ. ವೋಲ್ಟರ್ ನಮ್ಮ ಪಾಯಿಖಾನೆಗಳಿಗೆ ಹೋಗುತ್ತಿದ್ದದ್ದು ಗೋಡೆ ನೋಡಲು. ನಮ್ಮ ಕಡೆ ಹುಟ್ಟುಹಬ್ಬದ ಕ್ಯಾಲೆಂಡರು ನೇತಾಡುವುದು ಅಲ್ಲೇ, ಕೂತವರ ಕಣ್ಣಿನ ಮಟ್ಟಕ್ಕೆ. ಅದರಲ್ಲಿ ವಾರವಿಲ್ಲ, ವರ್ಷವಿಲ್ಲ. ತಾರೀಖು, ಅದರ ಮುಂದೆ ಹೆಸರು, ಅಷ್ಟೇ. ಇಗರ್ಜಿಯಲ್ಲಿ ಕೂತಾಗ ನೆನಪಾಗದ ಬಂಧುಗಳೆಲ್ಲ ಅಲ್ಲಿ ಕೂತಾಗ ನೆನಪಾಗುತ್ತಾರೆ. ಹುಟ್ಟುಹಬ್ಬಕ್ಕೆ ನಮ್ಮ ತಲೆಮಾರಿನವರು ಯಾರನ್ನೂ ಕರೆಯುವುದಿಲ್ಲ, ಕರೆದರೆ ಬೇಡಿದ ಹಾಗೆ. ಗೋಡೆಯ ಮೇಲೆ ಯಾರ ಹೆಸರಿದೆಯೋ ಅವರ ದಿನ ಅವರ ಮನೆಗೆ ನಾವೇ ಹೋಗುತ್ತೇವೆ. ಕೇಕ್ ತರಿಸಿ, ಕುರ್ಚಿಗಳನ್ನು ದುಂಡಗೆ ಹಾಕಿ ಅವರು ಕಾಯುತ್ತಿರುತ್ತಾರೆ. ಗೋಡೆಯ ಮೇಲೆ ಹೆಸರಿಲ್ಲದವನು ಹುಟ್ಟೇ ಇಲ್ಲ ಎಂದು ಲೆಕ್ಕ.

ವೋಲ್ಟರನಿಗೆ ಅಕ್ಟೋಬರ್ ಹದಿನಾಲ್ಕಕ್ಕೆ ಎಪ್ಪತ್ತು ತುಂಬುವುದಿತ್ತು. ಎಷ್ಟು ಕುರ್ಚಿ ಹಾಕಬೇಕು ಎಂಬುದನ್ನು ಅವನು ಮನೆಮನೆಗೆ ಹೋಗಿ ಎಣಿಸುತ್ತಿದ್ದ.

ಅವನು ಮೂವತ್ತೆಂಟು ವರ್ಷ ಐಸೆಲ್ ಹೊಳೆಯ ನೀರಿನ ಮಟ್ಟ ಬರೆದುಕೊಳ್ಳುವ ನೌಕರಿ ಮಾಡಿದವನು. ದಿನಾ ಬೆಳಿಗ್ಗೆ ಏಳಕ್ಕೆ ಕಟ್ಟೆಯ ಮೇಲೆ ಬಗ್ಗಿ ಅಳತೆಯ ಹಲಗೆ ಓದುತ್ತಿದ್ದ. ಆಮೇಲೆ ಅದನ್ನು ತಾನೇ ಓದಿಕೊಳ್ಳುವ ಯಂತ್ರ ಬಂತು. ವೋಲ್ಟರ್ ಬಗ್ಗುವುದನ್ನು ಬಿಡಲಿಲ್ಲ. "ಯಂತ್ರ ಸರಿಯಾಗೇ ಹೇಳ್ತಿದೆ," ಎಂದು ನನಗೆ ವರದಿ ಮಾಡುತ್ತಿದ್ದ, ಶಿಷ್ಯನ ಬಗ್ಗೆ ಹೇಳುವ ಮೇಷ್ಟರ ಹಾಗೆ. ನಾನು ಆ ದಡ ಈ ದಡ ದೋಣಿ ನಡೆಸುವವನು. ಹೊಳೆ ನನ್ನದು ಎಂದು ನನಗೂ ಒಳಗೊಳಗೆ ಅಹಂಕಾರವಿರುವುದರಿಂದ ಈ ವರದಿಗಳನ್ನು ಗಂಭೀರವಾಗಿ ಸ್ವೀಕರಿಸುತ್ತಿದ್ದೆ.

ನಿವೃತ್ತಿಯಾದ ಮೇಲೆ ಊರು ತೋರಿಸುವವರ ಸಂಘ ಸೇರಿದ. ಎದೆಗೆ ಹಿತ್ತಾಳೆ ಬಿಲ್ಲೆ, ಕೈಯಲ್ಲಿ ಹಸಿರು ಕೊಡೆ. ಪ್ರವಾಸಿಗಳು ನನ್ನ ದೋಣಿಯಿಂದ ಇಳಿಯುವ ಮೊದಲೇ ಕಟ್ಟೆಯ ಮೇಲೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಹೊಳೆಯ ಕಡೆಗಿರುವ ಹಳೇ ಕೋಟೆಬಾಗಿಲು, ನಾವು ನೀರಬಾಗಿಲು ಅನ್ನುವುದು, ಅದರ ಕಲ್ಲಿನಲ್ಲಿ ಪ್ರವಾಹದ ಗೆರೆಗಳು ಕೊರೆದಿವೆಯಲ್ಲ, ಒಂದೊಂದರ ಪಕ್ಕದಲ್ಲೂ ನಿಂತು ನೀರು ತನ್ನ ಮೊಣಕಾಲಿಗೆ ಬಂದಿತ್ತು, ಸೊಂಟಕ್ಕೆ ಬಂದಿತ್ತು ಎನ್ನುವಂತೆ ಮಾತಾಡುವನು. ಸ್ಪೇನಿನ ಸೈನಿಕರು ಕೋಟೆಗೆ ಮುತ್ತಿಗೆ ಹಾಕಿದ ಕತೆ ಬಂದರೆ, ಅವರನ್ನು ಓಡಿಸಿ ಈಗಷ್ಟೇ ಕೈ ತೊಳೆದುಕೊಂಡು ಬಂದಿದ್ದಾನೆ ಅನ್ನಿಸಬೇಕು.

ಮದುವೆ ಆಗಿರಲಿಲ್ಲ. ಅಕ್ಕ ಅಲೇಡಾಳ ಜೊತೆ ವಾಸ. ಅಕ್ಕ ಎಂದರೆ ಅವಳಿ, ಇಪ್ಪತ್ತು ನಿಮಿಷ ಮೊದಲು ಹುಟ್ಟಿದವಳು. ಆ ಇಪ್ಪತ್ತು ನಿಮಿಷದ ಹಿರಿತನವನ್ನು ಅವಳು ಅರವತ್ತೆಂಟು ವರ್ಷ ಚಲಾಯಿಸಿದಳು. ಊರಿನ ಪ್ರತಿ ಹುಟ್ಟುಹಬ್ಬಕ್ಕೂ ಅವಳ ಕೈಬರಹದ ಕಾರ್ಡು ಬರುತ್ತಿತ್ತು, ಕೆಳಗೆ 'ಅಲೇಡಾ, ವೋಲ್ಟರ್' ಎಂದು ಒಂದೇ ಸಾಲಿನಲ್ಲಿ ಸಹಿ. ಹಾಗಾಗಿ ನಮ್ಮ ಗೋಡೆಗಳ ಮೇಲೂ ಅವರಿಬ್ಬರು ಒಂದೇ ಸಾಲು.

ಹೋದ ವರ್ಷ ಮಾರ್ಚಿನಲ್ಲಿ ಅಲೇಡಾ ತೀರಿಕೊಂಡಳು. ಸತ್ತವರ ಹೆಸರಿನ ಪಕ್ಕ ಸಣ್ಣದೊಂದು ಶಿಲುಬೆ ಬರೆಯುವುದು ನಮ್ಮ ಪದ್ಧತಿ. ಎಲ್ಲರೂ ಬರೆದರು, ಸಾಲಿನ ಆರಂಭದಲ್ಲಿ, ಅಚ್ಚುಕಟ್ಟಾಗಿ. ಅಕ್ಟೋಬರ್ ಬಂದಾಗ ಶಿಲುಬೆ ಕಂಡಿತು. ಅಕ್ಕ ಹೋದ ವರ್ಷ, ಅವಳದೇ ಹುಟ್ಟುದಿನ, ಅವನನ್ನು ಅವನಷ್ಟಕ್ಕೆ ಬಿಡೋಣ ಎಂದು ಪ್ರತಿ ಮನೆಯೂ ತನ್ನಷ್ಟಕ್ಕೆ ಯೋಚಿಸಿತು. ಒಬ್ಬ ಮನುಷ್ಯನನ್ನು ಅವನಷ್ಟಕ್ಕೆ ಬಿಡುವುದು ನಮ್ಮವರ ಪಾಲಿಗೆ ಬಹು ದೊಡ್ಡ ಸೌಜನ್ಯ. ಅದರಲ್ಲಿ ಶ್ರಮವೂ ಕಡಿಮೆ. ಆ ದಿನ ಅವನು ಹನ್ನೆರಡು ಕುರ್ಚಿ ಹಾಕಿ ಸಂಜೆಯವರೆಗೆ ಕೂತಿದ್ದನಂತೆ. ಮರುದಿನ ಮಾಮೂಲಿನಂತೆ ಕಟ್ಟೆಯ ಮೇಲೆ ಬಗ್ಗಿ, "ಎರಡು ಬೆರಳು ಇಳಿದಿದೆ," ಅಂದ. ನಾನು ನೀರಿನ ಮಾತು ಎಂದುಕೊಂಡೆ. ನೀರಿನ ಮಾತೇ ಇರಬಹುದು.

ಈ ವರ್ಷದ ಹದಿನಾಲ್ಕಕ್ಕೆ ಹೊಳೆಯಲ್ಲಿ ನೀರು ಕಡಿಮೆಯಿತ್ತು. ಪ್ರವಾಸಿ ಹಡಗು ನಮ್ಮ ಕಟ್ಟೆಗೆ ಬರಲಾರದೆ ಆಚೆ ದಡದಲ್ಲಿ ನಿಂತಿತು. ಕೆನಡಾದಿಂದ ಬಂದ ಹದಿಮೂರು ಮಂದಿಯನ್ನು ಬೆಳಿಗ್ಗೆ ನಾನೇ ಈಚೆಗೆ ತಂದೆ. ವೋಲ್ಟರ್ ಹೊಸ ಟೈ ಕಟ್ಟಿದ್ದ.

"ಏನಯ್ಯ, ರಾಜರು ಬರ್ತಾರಾ ಇವತ್ತು?" ಅಂದೆ.

ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ನಾನು ಏನೋ ಹೇಳುತ್ತೇನೆಂದು ಕಾದಂತಿತ್ತು. ನಾನು ಹಗ್ಗ ಬಿಗಿಯುವುದರಲ್ಲಿದ್ದೆ.

"ಸಂಜೆ ನಾಲ್ಕಕ್ಕೆ ವಾಪಸ್ ಕಳಿಸ್ತೀನಿ," ಎಂದು ಕೊಡೆ ಎತ್ತಿ ಹೊರಟ.

ನಾಲ್ಕಾಯಿತು, ನಾಲ್ಕೂವರೆಯಾಯಿತು. ಜನ ಬಂದಾಗ ಎಲ್ಲರ ಮುಖದಲ್ಲೂ ತುಂಬಿದ ಹೊಟ್ಟೆಯ ತೃಪ್ತಿ. ಕೆಂಪು ಟೋಪಿಯ ಹೆಂಗಸೊಬ್ಬಳು ನನ್ನ ಪಕ್ಕದಲ್ಲೇ ಕೂತಳು.

"ನಿಮ್ಮೂರು ತೋರಿಸೋದು ಭಾರೀ ಚೆನ್ನಾಗಿದೆ. ಕೊನೇಲಿ ಆ ಹುಟ್ಟುಹಬ್ಬದ ಆಟ ಇದ್ಯಲ್ಲ, ಅದಂತೂ."

"ಯಾವ ಆಟ?"

"ಗೊತ್ತಿಲ್ವಾ? ಆ ಯಜಮಾನ್ರು ತಮ್ಮ ಮನೆಗೇ ಕರ್ಕೊಂಡು ಹೋದ್ರು. ಕುರ್ಚಿ ದುಂಡಗೆ ಹಾಕಿದ್ರು, ಎರಡು ದೊಡ್ಡ ಕೇಕು. ಇಲ್ಲಿನ ಹಳೇ ಸಂಪ್ರದಾಯ, ಮಾಡಿ ತೋರಿಸ್ತೀನಿ ಅಂದ್ರು. ಹುಟ್ಟುಹಬ್ಬದವನಿಗೆ ಮಾತ್ರ ಅಲ್ಲ, ಕೂತ ಎಲ್ರಿಗೂ ಕೈಕುಲುಕಿ ಅಭಿನಂದನೆ ಹೇಳ್ಬೇಕಂತೆ. ನಗೋದೋ ನಗೋದು. ಒಬ್ಬೊಬ್ರಿಗೂ ಒಂದೊಂದು ಪಾತ್ರ ಕೊಟ್ರು. ನಾನು ಬೇಕರಿಯವಳು. ಎಲ್ಲಾ ಕೇಕಿಗೂ ಸಕ್ಕರೆ ಜಾಸ್ತಿಯಾಯ್ತು ಅಂತ ನಾನು ಗೊಣಗ್ತಾ ಇರ್ಬೇಕು, ನನ್ನ ಅಂಗಡೀದು ಬಿಟ್ಟು."

ಅದು ಫೆನ್ನಳೇ, ಸಂಶಯವಿಲ್ಲ.

ಎದುರಿಗಿದ್ದ ಅವಳ ಗಂಡ, ದಪ್ಪ ಮನುಷ್ಯ, ಬಾಯಿ ಹಾಕಿದ. "ನಾನು ದೋಣಿಯವನು. ಯಾವಾಗ್ಲೂ ತಡವಾಗಿ ಬಂದು, ದೊಡ್ಡ ತುಂಡು ತಗೊಂಡು, ಹೊಳೆ ಬಗ್ಗೆ ಕೊರೀತಾನಂತೆ. ನಿಮಗೆ ಗೊತ್ತಿರ್ಬೇಕಲ್ಲ ಅವನು?"

"ಗೊತ್ತು," ಅಂದೆ.

"ಒಂದು ಕುರ್ಚಿ ಮಾತ್ರ ಖಾಲಿ ಬಿಟ್ರು," ಅಂದಳು ಹೆಂಗಸು. "ಅದು ಅಕ್ಕಂದು, ಆ ಪಾತ್ರ ಯಾರಿಗೂ ಬರಲ್ಲ ಅಂದ್ರು. ದಿನಾ ಮಾಡ್ತಾರಾ ಇದನ್ನ?"

"ಇಲ್ಲ. ವರ್ಷಕ್ಕೊಂದ್ಸಲ."

"ಹಾಗಾದ್ರೆ ನಮ್ಮ ಅದೃಷ್ಟ," ಅಂದಳು. ದೋಣಿ ಆಚೆ ದಡಕ್ಕೆ ಸ್ವಲ್ಪ ಜೋರಾಗಿಯೇ ತಾಗಿತು. ಇಪ್ಪತ್ತಾರು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಮನೆಗೆ ಹೋದವನು ಬೂಟು ಕಳಚದೆ ನೇರ ಪಾಯಿಖಾನೆಗೆ ನುಗ್ಗಿದೆ. ಅಕ್ಟೋಬರ್ ಹದಿನಾಲ್ಕು: ಶಿಲುಬೆ, ಅಲೇಡಾ, ವೋಲ್ಟರ್. ನನ್ನ ಹೆಂಡತಿ ಹಿಲ್ಲೆಯ ದುಂಡು ಅಕ್ಷರ. ದಿನಕ್ಕೆ ಎರಡು ಸಲ ಅದರ ಎದುರು ಕೂತು ಎದ್ದವನು ನಾನು.

"ಹಿಲ್ಲೆ, ಈ ಶಿಲುಬೆ ಯಾರದ್ದು?"

"ಅಲೇಡಾದು. ಯಾಕೆ?"

"ವೋಲ್ಟರನೂ ಸತ್ತ ಹಾಗಿದೆಯಲ್ಲೇ ಇದ್ರಲ್ಲಿ."

ಅವಳು ಬಂದು ನೋಡಿದಳು. ಸೆರಗಿಲ್ಲದ ದೇಶದಲ್ಲಿ ಹೆಂಗಸರು ಇಂಥ ಹೊತ್ತಿಗೆ ಮುಂಗೈಯನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. "ಅಯ್ಯೋ, ಮೊನ್ನೆ ಬಂದಾಗ ಇದನ್ನ ನೋಡಿರ್ತಾನೆ ಕಣೋ," ಅಂದಳು.

ಬೇಕರಿಯಲ್ಲಿ ಜೋರಾಗಿ ನಕ್ಕವನು ಯಾರು ಎಂದು ಅವಳಿಗೆ ಹೇಳಲಿಲ್ಲ. ಕೋಟು ಹಾಕಿಕೊಂಡು ಇಬ್ಬರೂ ಹೊರಟೆವು.

ವೋಲ್ಟರ್ ಅಡುಗೆಮನೆಯಲ್ಲಿ ಅಂಗಿಯ ತೋಳು ಮಡಚಿಕೊಂಡು ತಟ್ಟೆ ತೊಳೆಯುತ್ತಿದ್ದ. ಹೊಸ ಟೈ ಇನ್ನೂ ಕೊರಳಲ್ಲೇ ಇತ್ತು, ತುದಿಯನ್ನು ಅಂಗಿಯೊಳಗೆ ತುರುಕಿದ್ದ.

"ಅಭಿನಂದನೆ ವೋಲ್ಟರ್," ಅಂದಳು ಹಿಲ್ಲೆ.

"ಕೇಕ್ ಮುಗೀತು."

"ನಾವು ಕೇಕಿಗೆ ಬಂದಿಲ್ಲ ಮಾರಾಯ," ಅಂದೆ.

"ನೀನು ಕೇಕಿಗೇ ಬರೋನು. ಯಾವತ್ತೂ ಕೇಕಿಗೇ ಬಂದೋನು." ಕೈ ಒರೆಸಿಕೊಂಡ. "ಚೆನ್ನಾಗಿ ನಡೀತು ಗೊತ್ತಾ? ಅವರಿಗೆ ಬಹಳ ಹಿಡಿಸ್ತು. ಸಂಘಕ್ಕೆ ಬರೆದು ಹಾಕ್ಬೇಕು ಅಂತಿದೀನಿ. ಊರು ತೋರಿಸಿದ ಮೇಲೆ ಕೊನೇಲಿ ಇದೊಂದು ಇಟ್ಕೊಂಡ್ರೆ ಒಳ್ಳೇದು."

"ನಾವು ತಪ್ಪು ತಿಳ್ಕೊಂಡ್ವಿ," ಅಂದಳು ಹಿಲ್ಲೆ. "ಅಲೇಡಾಳ ದಿನ ಅಂತ..."

"ಅವಳ ದಿನಾನೇ." ಅವನು ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. "ನಂದು ಇಪ್ಪತ್ತು ನಿಮಿಷ ಆದ್ಮೇಲೆ. ಕೂತ್ಕೊಳ್ಳಿ. ಕಾಫಿ ಇದೆ."

ಹದಿನೈದು ಕುರ್ಚಿಗಳ ದುಂಡಿನಲ್ಲಿ ಮೂವರು ಕೂರುವುದು ಸುಲಭವಲ್ಲ. ಹತ್ತಿರ ಕೂತರೆ ಉಳಿದ ಹನ್ನೆರಡು ಎದುರಿಗೆ ಬಂದು ನಿಲ್ಲುತ್ತವೆ; ದೂರ ಕೂತರೆ ಕೂಗಿ ಮಾತಾಡಬೇಕು. ನನ್ನ ಪಾತ್ರದವನು ಕೂತಿದ್ದ ಕುರ್ಚಿ ಯಾವುದಿರಬಹುದೆಂದು ನೋಡಿದೆ. ದಿಂಬು ಹೆಚ್ಚು ತಗ್ಗಿದ್ದ ಕಡೆ ಕೂತೆ. ಖಾಲಿ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು, ಅದರ ದಿಂಬಿನಲ್ಲಿ ಒಂದು ಸುಕ್ಕೂ ಇರಲಿಲ್ಲ. ಹಿಲ್ಲೆಯೂ ನಾನೂ ಎದ್ದು ಒಬ್ಬರಿಗೊಬ್ಬರು ಕೈಕುಲುಕಿದೆವು, 'ವೋಲ್ಟರನ ಹುಟ್ಟುಹಬ್ಬಕ್ಕೆ ನಿನಗೆ ಅಭಿನಂದನೆ' ಎಂದು, ನಿಯಮದಂತೆ. ವೋಲ್ಟರ್ ಬಿಸ್ಕತ್ತಿನ ಡಬ್ಬ ತೆರೆದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಮುಚ್ಚಿದ, ಅದೂ ನಿಯಮದಂತೆ. ನಾನು ಹೊಳೆಯ ಬಗ್ಗೆ ಮಾತು ತೆಗೆದೆ. ಬೇರೇನೂ ತೋಚಲಿಲ್ಲ.

ಕಾಫಿ ಮುಗಿದ ಮೇಲೆ ಒಂಚೂರು ಒಳಗೆ ಹೋಗಿ ಬರುತ್ತೇನೆ ಅಂದೆ.

ಅಲ್ಲಿ ಅಲೇಡಾಳ ಕ್ಯಾಲೆಂಡರು ಇನ್ನೂ ನೇತಾಡುತ್ತಿತ್ತು. ಇಡೀ ಊರು ಅವಳ ಓರೆ ಅಕ್ಷರದಲ್ಲಿ ಅಲ್ಲಿತ್ತು: ಫೆನ್ನ, ಹಿಲ್ಲೆ, ಹೋದವರು, ಇರುವವರು, ನಾನು. ಅಕ್ಟೋಬರ್ ಹಾಳೆ ತೆರೆದೇ ಇತ್ತು. ತನ್ನ ಮನೆಯ ಗೋಡೆಗೆ ಯಾರೂ ತನ್ನ ಹೆಸರು ಬರೆದುಕೊಳ್ಳುವುದಿಲ್ಲವಲ್ಲ, ಹಾಗಾಗಿ ಹದಿನಾಲ್ಕರ ಮುಂದೆ ಅಲೇಡಾ ಎಂದಿರಲಿಲ್ಲ. 'ವೋಲ್ಟರ್' ಎಂದಷ್ಟೇ ಇತ್ತು. ಊರಿನ ಗೋಡೆಗಳಲ್ಲೆಲ್ಲ ಅವನು ಒಬ್ಬನೇ ಒಂದು ಸಾಲಾಗಿ, ಶಿಲುಬೆಯಿಲ್ಲದೆ ಇದ್ದದ್ದು ಅಲ್ಲೊಂದೇ. ಅವಳಿಗೆ ಶಿಲುಬೆ ಹಾಕಲು ಆ ಮನೆಯಲ್ಲಿ ಜಾಗವೇ ಇರಲಿಲ್ಲ.

ಎಷ್ಟು ಹೊತ್ತು ನೋಡಿದೆನೋ. ಹೊರಗೆ ಬಂದಾಗ ವೋಲ್ಟರ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಕಿಟಕಿಯ ಪಕ್ಕದ್ದನ್ನು ಮುಟ್ಟಿರಲಿಲ್ಲ.

"ಇಷ್ಟೊತ್ತಾ?" ಅಂದ, ತಿರುಗದೆ. "ನೀರು ಬಿಟ್ಟ ಸದ್ದೂ ಕೇಳಿಸ್ಲಿಲ್ಲ. ನಿಂಗೂ ಶುರುವಾಯ್ತಾ?"